ನೆರೆಹೊರೆಯೂ ನೆಲದ ಬೆಲೆಯೂ: ಬೆಂಗಳೂರಿನ ಪೇಟೆ, ದಂಡು, ಬಡಾವಣೆಗಳ ವಿಚಾರ

೧. ಪೀಠಿಕೆ

ಊರುಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕೋಟೆಯನ್ನು ಕಟ್ಟಿಸಿದ ಅರಸು, ಮುತ್ತಿಗೆ ಹಾಕಿದ ಶತ್ರು, ದೇವಾಲಯಕ್ಕೆ ದತ್ತಿಬಿಟ್ಟ ದಾನಿ ಇವರನ್ನು ಕುರಿತು ವಿಸ್ತಾರವಾಗಿ ಹೇಳುವರು. ಆ ಊರಿನ ಒಂದು ನಿವೇಶನಕ್ಕೆ ಯಾವ ಕಾಲದಲ್ಲಿ ಏಕೆ ಹೆಚ್ಚು ಬೆಲೆ ಬಂದಿತು, ಯಾವ ಕಾಲದಲ್ಲಿ ಏಕೆ ಕುಗ್ಗಿತು ಎಂಬ ಪ್ರಶ್ನೆಗೆ ಅಂತಹ ಗ್ರಂಥಗಳಲ್ಲಿ ಎಡೆ ದೊರೆಯುವುದು ವಿರಳ. ಆದರೆ ಜನರ ಬಾಳಿಗೆ ಅರಸರ ಯುದ್ಧಗಳಷ್ಟೇ ಹತ್ತಿರವಾದುದು ಈ ಪ್ರಶ್ನೆ. ಮನೆಯೆಂಬುದು ಕಲ್ಲು, ಮಣ್ಣು, ಮರ, ಹೆಂಚುಗಳಿಂದ ಆದುದು. ಈ ಸಾಮಗ್ರಿಗಳ ಕ್ರಯವು ಊರಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಅಷ್ಟಾಗಿ ಬದಲಾಗದು. ಹಾಗಿದ್ದರೂ ಒಂದೇ ಅಳತೆಯ, ಒಂದೇ ಬಗೆಯ ಎರಡು ಮನೆಗಳ ಬೆಲೆಯಲ್ಲಿ ಅಜಗಜಾಂತರವಿರುವುದನ್ನು ಎಲ್ಲರೂ ಬಲ್ಲರು. ಈ ಅಂತರದ ಕಾರಣವನ್ನು ಮನೆಯ ಹೊರಗೆ ಹುಡುಕಬೇಕಾಗುತ್ತದೆ. ಎದುರಿನ ಬೀದಿ ಎಷ್ಟು ಅಗಲ, ಪಕ್ಕದಲ್ಲಿ ಗಾಣವಿದೆಯೋ ಹೂದೋಟವಿದೆಯೋ, ಸಂತೆ ಎಷ್ಟು ದೂರ, ನೀರು ಎಲ್ಲಿಂದ ಬರುತ್ತದೆ, ನೆರೆಯಲ್ಲಿ ವಾಸಮಾಡುವವರು ಯಾರು ಎಂಬಿವುಗಳೇ ಬೆಲೆಯನ್ನು ನಿರ್ಣಯಿಸುವ ಸಂಗತಿಗಳು.

ಪಾಶ್ಚಾತ್ಯ ಅರ್ಥಶಾಸ್ತ್ರಜ್ಞರು ಈ ವಿಚಾರವನ್ನು ಕ್ರಮವಾಗಿ ಬೆಳಸಿರುವರು. ಡೇವಿಡ್ ರಿಕಾರ್ಡೊ ೧೮೧೭ರಲ್ಲಿ ನೆಲದ ಗೇಣಿಯು ಅದರ ಸಾರದ ತಾರತಮ್ಯದಿಂದ ಹುಟ್ಟುವುದೆಂದು ತೋರಿಸಿದನು. ಜರ್ಮನಿಯ ಫಾನ್ ಟ್ಯೂನೆನ್ ೧೮೨೬ರಲ್ಲಿ ಸಾರಕ್ಕೆ ಬದಲಾಗಿ ದೂರವನ್ನು ಹಿಡಿದು, ಪಟ್ಟಣಕ್ಕೆ ಸಮೀಪವಾದಷ್ಟೂ ಸಾಗಣೆಯ ವೆಚ್ಚ ಉಳಿಯುವುದರಿಂದ ಗೇಣಿ ಏರುವುದೆಂದು ಸಾಧಿಸಿದನು. ವಿಲಿಯಂ ಅಲಾನ್ಸೊ ೧೯೬೪ರಲ್ಲಿ ಅದೇ ತತ್ತ್ವವನ್ನು ನಗರದ ಒಳಗಿನ ನಿವೇಶನಗಳಿಗೆ ಅನ್ವಯಿಸಿದನು. ೧೯೭೪ರಲ್ಲಿ ಷರ್ವಿನ್ ರೋಸೆನ್ ಎಂಬ ಪಂಡಿತನು ಒಂದು ವಸ್ತುವಿನ ಬೆಲೆಯನ್ನು ಅದರ ಗುಣಗಳ ಬೆಲೆಗಳಾಗಿ ಬಿಡಿಸಿ ನೋಡುವ ವಿಧಾನಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಹಾಕಿದನು. ಮನೆಯ ಕೊಠಡಿಗಳಿಗೆ ಎಷ್ಟು ಬೆಲೆ, ನೆರೆಯ ಉದ್ಯಾನಕ್ಕೆ ಎಷ್ಟು ಬೆಲೆ ಎಂದು ವಿಂಗಡಿಸುವುದು ಇದರಿಂದ ಸಾಧ್ಯವಾಯಿತು.

ಆದರೆ ಈ ಸಿದ್ಧಾಂತಗಳೆಲ್ಲ ನೆರೆಹೊರೆಯನ್ನು ಈಗಾಗಲೇ ಇರುವ ವಸ್ತುವೆಂದು ಭಾವಿಸಿ ಮುಂದುವರಿಯುತ್ತವೆ. ನೆರೆಹೊರೆಯು ಹೇಗೆ ಉಂಟಾಯಿತು, ಅದನ್ನು ಉಂಟುಮಾಡಿದವರು ಯಾರು, ಅದರಿಂದ ಬಂದ ಲಾಭ ಯಾರ ಪಾಲಾಯಿತು ಎಂಬುದು ಇತಿಹಾಸಕ್ಕೆ ಸೇರಿದ ಪ್ರಶ್ನೆ. ಬೆಂಗಳೂರು ಇದಕ್ಕೆ ಒಳ್ಳೆಯ ನಿದರ್ಶನ. ಮೂರು ಕಾಲಗಳಲ್ಲಿ, ಮೂರು ಉದ್ದೇಶಗಳಿಂದ, ಮೂರು ಬಗೆಯ ಆಕಾರದಲ್ಲಿ ಕಟ್ಟಿದ ಊರುಗಳು ಅಲ್ಲಿ ಒಂದರ ಮಗ್ಗುಲಲ್ಲಿ ಒಂದು ನಿಂತಿವೆ.

೨. ಪ್ರಾಚೀನರ ದೃಷ್ಟಿ

ಮನೆಯ ಬೆಲೆಗೂ ನೆರೆಗೂ ಇರುವ ಸಂಬಂಧವು ನಮ್ಮ ಪ್ರಾಚೀನರಿಗೆ ತಿಳಿಯದ ವಿಷಯವಾಗಿರಲಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕಂಡುಹಿಡಿದು ೧೯೦೯ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ವಾಸ್ತುವಿನ ವಿಕ್ರಯವನ್ನು ಕುರಿತ ಪ್ರಕರಣವೊಂದುಂಟು. ಮನೆಯನ್ನು ಮಾರುವಾಗ ಕೊಳ್ಳುವ ಹಕ್ಕು ಮೊದಲು ಜ್ಞಾತಿಗಳಿಗೆ, ಆಮೇಲೆ ಸಾಮಂತರಿಗೆ, ಆಮೇಲೆ ಸಾಲಕೊಟ್ಟ ಧನಿಕರಿಗೆ ಸಲ್ಲುವುದು. ಇವರು ಬೇಡವೆಂದರೆ ಮಾತ್ರ ಹೊರಗಿನವರಿಗೆ. ಸಾಮಂತ ಶಬ್ದಕ್ಕೆ ಇಲ್ಲಿ ಮಾಂಡಲಿಕನೆಂಬ ಅರ್ಥವಿಲ್ಲ. ಗಡಿಗೆ ಹೊಂದಿಕೊಂಡಿರುವವನು, ಎಂದರೆ ನೆರೆಯವನು, ಎಂಬುದೇ ಅದರ ಮೂಲಾರ್ಥ. ಕನ್ನಡ ಕಾವ್ಯಗಳಲ್ಲಿ ಈ ಶಬ್ದವನ್ನು ಅರಸರ ಓಲಗದಲ್ಲಿ ಮಾತ್ರ ಕಂಡು ಬಲ್ಲ ವಾಚಕರಿಗೆ ಇದು ಗಮನಾರ್ಹ. ಮಾರಾಟವನ್ನು ಮನೆಯ ಮುಂದೆ, ನೆರೆಯ ನಾಲ್ವತ್ತು ಮನೆತನದವರ ಸಮಕ್ಷಮದಲ್ಲಿ, ಮೂರು ಸಾರಿ ಕೂಗಿ ತಿಳಿಸಬೇಕೆಂದು ಆ ಗ್ರಂಥವು ವಿಧಿಸುತ್ತದೆ. ವಾಸ್ತುವಿನ ವ್ಯಾಜ್ಯಗಳಿಗೆ ನೆರೆಯವರ ಸಾಕ್ಷ್ಯವೇ ಆಧಾರವೆಂಬುದು ಅದರ ಮತ. ಮನೆಮನೆಗಳ ನಡುವಣ ಅಂತರ, ಕಿಟಕಿಯ ಎತ್ತರ, ಬಚ್ಚಲಿನ ಹರಿವು, ಪಕ್ಕದ ಗೋಡೆಗೆ ಹಾನಿಮಾಡುವ ತಿಪ್ಪೆ ಇವುಗಳನ್ನೂ ಅದು ನಿಯಮಕ್ಕೆ ಒಳಪಡಿಸುತ್ತದೆ.

ಇದಕ್ಕಿಂತಲೂ ಮುಖ್ಯವಾದುದು ಮುಂದಿನ ವಿಧಿ. ಕೊಳ್ಳುವವರ ಸ್ಪರ್ಧೆಯಿಂದ ಬೆಲೆಯು ಕೂಗಿದ ಮೊತ್ತವನ್ನು ಮೀರಿ ಏರಿದರೆ, ಆ ಹೆಚ್ಚಿನ ಭಾಗವು ಸುಂಕದೊಡನೆ ಕೋಶಕ್ಕೆ ಸೇರಬೇಕು. ಮಾರುವವನು ತನ್ನ ಮನೆಗೆ ತಾನು ಇಟ್ಟ ಬೆಲೆಗೆ ಹಕ್ಕುದಾರನು. ಅದಕ್ಕೂ ಮೇಲಿನ ಏರಿಕೆಯು ಅವನ ದುಡಿಮೆಯ ಫಲವಲ್ಲವೆಂಬ ಭಾವನೆಯು ಈ ವಿಧಿಯ ಹಿಂದೆ ಇರುವಂತೆ ತೋರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಸ್ಟುವರ್ಟ್ ಮಿಲ್ಲನೂ, ೧೮೭೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅಮೆರಿಕಾದ ಹೆನ್ರಿ ಜಾರ್ಜನೂ ಎತ್ತಿದ ದೊಡ್ಡ ಚರ್ಚೆಯ ಬೀಜವು ಇಲ್ಲಿದೆ.

ಅದೇ ಗ್ರಂಥದ ಎರಡನೆಯ ಅಧಿಕರಣದಲ್ಲಿ ದುರ್ಗದೊಳಗಿನ ನಿವೇಶನಗಳ ಹಂಚಿಕೆಯನ್ನು ಹೇಳಿದೆ. ದಿಕ್ಕುದಿಕ್ಕಿಗೆ ಒಂದೊಂದು ವರ್ಣದವರಿಗೂ ಒಂದೊಂದು ಕಸಬಿಗೂ ಸ್ಥಳವನ್ನು ಗೊತ್ತುಮಾಡಿ, ಚಂಡಾಲರನ್ನೂ ಪಾಷಂಡರನ್ನೂ ಸ್ಮಶಾನದ ಅಂಚಿಗೆ ಕಳುಹಿಸಿದೆ. ನೆರೆಹೊರೆಯನ್ನು ಕಟ್ಟುವುದೆಂದರೆ ಕೆಲವರನ್ನು ಹತ್ತಿರಕ್ಕೆ ಕರೆಯುವುದೂ ಕೆಲವರನ್ನು ದೂರವಿಡುವುದೂ ಹೌದೆಂಬ ಕಹಿಯಾದ ಸತ್ಯವು ಇದರಿಂದ ವ್ಯಕ್ತವಾಗುತ್ತದೆ. ಬೆಂಗಳೂರಿನ ಇತಿಹಾಸದಲ್ಲಿ ಈ ಎರಡು ಎಳೆಗಳೂ ಹೆಣೆದುಕೊಂಡಿವೆ.

೩. ಪೇಟೆ

ಬೆಂಗಳೂರೆಂಬ ಹೆಸರು ಒಂಬತ್ತನೆಯ ಶತಮಾನದ ಬೇಗೂರಿನ ವೀರಗಲ್ಲಿನಲ್ಲಿಯೇ ಬಂದಿದ್ದರೂ, ಇಂದಿನ ನಗರದ ಮೂಲವು ಯಲಹಂಕದ ಪ್ರಭು ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿಸಿದನೆಂದು ಪ್ರಸಿದ್ಧವಾದ ಮಣ್ಣಿನ ಕೋಟೆ ಮತ್ತು ಪೇಟೆ. ಉತ್ತರದಕ್ಷಿಣವಾಗಿ ದೊಡ್ಡಪೇಟೆ, ಪೂರ್ವಪಶ್ಚಿಮವಾಗಿ ಚಿಕ್ಕಪೇಟೆ. ಈ ಎರಡು ಬೀದಿಗಳು ಕೂಡುವ ಚೌಕವೇ ಊರಿನ ಹೃದಯ. ಅಲ್ಲಿಂದ ಕವಲೊಡೆದ ಬೀದಿಗಳ ಹೆಸರುಗಳೇ ನೆಲದ ಉಪಯೋಗವನ್ನು ಸಾರುತ್ತವೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ ಎಂಬಿವು ಮಾರುವ ಸರಕಿನಿಂದ ಬಂದ ಹೆಸರುಗಳು. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ, ಉಪ್ಪಾರಪೇಟೆ ಎಂಬಿವು ಅಲ್ಲಿ ನೆಲಸಿದ ಜನರಿಂದ ಬಂದವು. ಊರಿನ ನಕ್ಷೆಯನ್ನು ನೋಡದೆಯೇ, ಈ ಹೆಸರುಗಳನ್ನು ಓದಿದ ಮಾತ್ರಕ್ಕೆ ಹಳೆಯ ಬೆಂಗಳೂರಿನ ಭೂಬಳಕೆಯನ್ನು ಬರೆದುಬಿಡಬಹುದು.

ಇಂತಹ ಊರಿನಲ್ಲಿ ಬೆಲೆ ಹುಟ್ಟುವ ಬಗೆಯು ವಿಶಿಷ್ಟವಾದುದು. ಒಂದೇ ಕಸಬಿನವರು ಒಂದೇ ಬೀದಿಯಲ್ಲಿ ನೆರೆದುದರಿಂದ ಕೊಳ್ಳುವವನು ಅಲೆಯಬೇಕಾಗಿರಲಿಲ್ಲ. ಮಾರುವವನು ಗಿರಾಕಿಯನ್ನು ಕಾಯಬೇಕಾಗಿರಲಿಲ್ಲ. ಅರಳೆಯ ವರ್ತಕನಿಗೆ ಅರಳೆಪೇಟೆಯಲ್ಲಿರುವ ಒಂದು ಮೊಳ ನೆಲವು ಬೇರೆಡೆಯ ಒಂದು ಅಂಕಣಕ್ಕಿಂತ ಹೆಚ್ಚಿನದು. ಬೆಲೆಯು ನಿವೇಶನದ ವಿಸ್ತೀರ್ಣಕ್ಕಿಂತ ಬೀದಿಗೆ ಮುಖವಾಗಿರುವ ಅಗಲಕ್ಕೆ ಸಂದಿತು. ಆದಕಾರಣ ಪೇಟೆಯ ಮನೆಗಳು ಮುಂದುಗಡೆ ಕಿರಿದಾಗಿಯೂ ಹಿಂದಕ್ಕೆ ಉದ್ದವಾಗಿಯೂ ಬೆಳೆದುವು: ಮುಂದೆ ಅಂಗಡಿ, ನಡುವೆ ಹಜಾರ, ಹಿಂದೆ ಅಡುಗೆಯ ಮನೆ, ಮೇಲೆ ಉಗ್ರಾಣ. ಸಂಸಾರವೂ ವ್ಯಾಪಾರವೂ ಒಂದೇ ಸೂರಿನಡಿಯಲ್ಲಿ ನಡೆದುವು. ಮನೆಗೂ ಕೆಲಸಕ್ಕೂ ನಡುವೆ ದೂರವೇ ಇಲ್ಲವಾದುದರಿಂದ, ದೂರದ ವೆಚ್ಚವೆಲ್ಲ ನೆಲದ ಬೆಲೆಯೊಳಗೆ ಅಡಗಿಹೋಯಿತು.

ಪೇಟೆಯ ನೆಲಕ್ಕೆ ಬೆಲೆ ತಂದ ಮತ್ತೊಂದು ಸಂಗತಿ ಭದ್ರತೆ. ಸುತ್ತಲೂ ಕಂದಕ, ಮುಳ್ಳಿನ ಬೇಲಿ, ಕಾವಲಿನ ಬಾಗಿಲು. ಇದರ ಒಳಗಿನ ನೆಲವು ಎಂದಿಗೂ ಬೆಳೆಯಲಾರದು. ಜನರು ಮಾತ್ರ ಬೆಳೆದರು. ೧೬೩೮ರಲ್ಲಿ ಬಿಜಾಪುರದವರು, ೧೬೮೭ರಲ್ಲಿ ಮೊಗಲರು, ಅವರಿಂದ ಹಣಕ್ಕೆ ಪಡೆದ ಚಿಕ್ಕದೇವರಾಜ ಒಡೆಯರು, ಅನಂತರ ಹೈದರನು, ಹೀಗೆ ಒಡೆತನ ಬದಲಾದರೂ ಪೇಟೆಯ ವ್ಯಾಪಾರವು ಮತ್ತೆ ಮತ್ತೆ ಚಿಗುರಿತು. ೧೭೯೧ರಲ್ಲಿ ಕಾರನ್‌ವಾಲಿಸನ ಸೈನ್ಯವು ಪೇಟೆಯನ್ನು ಹಿಡಿದು ಕೊಳ್ಳೆಹೊಡೆದ ಮೇಲೆಯೂ ಅದು ಪಾಳುಬೀಳಲಿಲ್ಲ. ೧೮೦೦ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನನು ನೇಯ್ಗೆಯವರ ಪಂಗಡಗಳನ್ನೂ ವರ್ತಕರ ವ್ಯವಹಾರಗಳನ್ನೂ ಬಹಳ ವಿವರವಾಗಿ ಬರೆದಿಟ್ಟಿದ್ದಾನೆ. ಗೋಡೆಯು ಕೆಡೆದರೂ ನೆರೆಯವರ ಕೂಟವು ಉಳಿದಿದ್ದರೆ ನೆಲದ ಬೆಲೆಯು ಮರಳಿ ಬರುತ್ತದೆಂಬುದಕ್ಕೆ ಇದು ಸಾಕ್ಷಿ.

೪. ದಂಡು

ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದ ತರುವಾಯ ಆಂಗ್ಲರ ಸೈನ್ಯವು ೧೮೦೯ರಲ್ಲಿ ಬೆಂಗಳೂರಿಗೆ ಬಂದು, ಹಲಸೂರಿನ ಕೆರೆಯ ಆಸುಪಾಸಿನ ಬಯಲಿನಲ್ಲಿ ನೆಲಸಿತು. ಇದೇ ದಂಡು. ಪೇಟೆಯು ಒತ್ತೊತ್ತಾಗಿ ಬೆಳೆದ ಊರಾದರೆ ದಂಡು ಬಯಲನ್ನೇ ತಿರುಳಾಗಿಟ್ಟುಕೊಂಡ ಊರು. ಅದರ ನಡುವೆ ಸಂತೆಯ ಚೌಕಕ್ಕೆ ಬದಲಾಗಿ ಕವಾಯತಿನ ಮೈದಾನವಿದ್ದಿತು. ಅದರ ದಕ್ಷಿಣಕ್ಕೆ, ೧೯೪೮ರಿಂದ ಮಹಾತ್ಮಾ ಗಾಂಧಿಯವರ ಹೆಸರನ್ನು ತಳೆದಿರುವ ಸೌತ್ ಪೆರೇಡ್ ಬೀದಿ. ಬೀದಿಯಿಂದ ಬಹಳ ಹಿಂದಕ್ಕೆ ಸರಿದ ಬಂಗಲೆ, ಅದರ ಸುತ್ತಲೂ ತೋಟ, ತೋಟದ ಕೊನೆಯಲ್ಲಿ ಆಳುಗಳ ಸಾಲುಮನೆ; ಇದು ಇಲ್ಲಿನ ಮನೆಯ ಮಾದರಿ. ಪೇಟೆಯವನು ಬೀದಿಗೆ ಹತ್ತಿರವಾಗುವುದಕ್ಕೆ ಹಣಕೊಟ್ಟರೆ ದಂಡಿನ ಅಧಿಕಾರಿಯು ಬೀದಿಯಿಂದ ದೂರವಾಗುವುದಕ್ಕೆ ಹಣಕೊಟ್ಟನು.

ಆದರೆ ಬಂಗಲೆಯ ನೆಮ್ಮದಿಯು ತಾನಾಗಿಯೇ ನಿಲ್ಲತಕ್ಕುದಲ್ಲ. ಮಾಂಸ, ಕಾಯಿಪಲ್ಯ, ಬಟ್ಟೆ, ಚಾಕರಿ ಇವುಗಳನ್ನು ಒದಗಿಸುವವರು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇರಬೇಕು. ಕಣ್ಣಿಗೆ ಬೀಳದಷ್ಟು ದೂರದಲ್ಲಿಯೂ ಇರಬೇಕು. ಮುಂದೆ ಶಿವಾಜಿನಗರವೆಂದು ಹೆಸರಾದ ಬ್ಲಾಕ್‌ಪಲ್ಲಿಯೂ ಹಲಸೂರಿನ ಬಜಾರುಗಳೂ ಈ ಅಗತ್ಯದಿಂದ ಬೆಳೆದುವು. ತಮಿಳು, ತೆಲುಗು, ಹಿಂದುಸ್ತಾನಿ ಮಾತಾಡುವ ಕುಶಲಕರ್ಮಿಗಳೂ ವರ್ತಕರೂ ಸೈನ್ಯದೊಡನೆ ಬಂದು ಅಲ್ಲಿ ಕಿಕ್ಕಿರಿದರು. ಹೀಗೆ ದಂಡಿನೊಳಗೇ ಎರಡು ನೆರೆಹೊರೆಗಳು ಹುಟ್ಟಿದುವು. ಒಂದರ ವಿಶಾಲತೆಗೆ ಇನ್ನೊಂದರ ಇಕ್ಕಟ್ಟೇ ಆಧಾರ.

೧೮೬೨ರಲ್ಲಿ ಪೇಟೆಗೂ ದಂಡಿಗೂ ಬೇರೆ ಬೇರೆ ಪುರಸಭೆಗಳಾದುವು. ೧೮೬೪ರಲ್ಲಿ ಜೋಲಾರಪೇಟೆಯಿಂದ ರೈಲು ದಂಡಿಗೆ ಬಂದಿತು. ೧೮೭೦ರಲ್ಲಿ ಕಬ್ಬನ್ ಉದ್ಯಾನವು ಎರಡು ಊರುಗಳ ನಡುವೆ ಹಸುರು ಗಡಿಯಂತೆ ಏರ್ಪಟ್ಟಿತು. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿದಾಗಲೂ ದಂಡಿನ ಪ್ರದೇಶವು ಆಂಗ್ಲರ ಆಡಳಿತದಲ್ಲಿಯೇ ಉಳಿದು, ೧೯೪೭ರಲ್ಲಿ ಮಾತ್ರ ಸಂಸ್ಥಾನಕ್ಕೆ ಹಿಂದಿರುಗಿತು. ಒಂದು ಉದ್ಯಾನದ ಆಚೆ ಈಚೆ ಎರಡು ಸರಕಾರ, ಎರಡು ಪುರಸಭೆ; ಇದರಿಂದ ನಿವೇಶನಗಳಿಗೂ ಎರಡು ಬಗೆಯ ಮಾರುಕಟ್ಟೆ ಏರ್ಪಟ್ಟಿತು.

೫. ೧೮೯೮ರ ಮಹಾಮಾರಿ

ಪೇಟೆಯ ಇಕ್ಕಟ್ಟನ್ನು ಆಳುವವರು ಅರಿಯದೆ ಇರಲಿಲ್ಲ. ಮಹಾಮಾರಿಗೆ ಆರು ವರ್ಷ ಮುಂಚೆಯೇ, ೧೮೯೨ರಲ್ಲಿ, ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆಯು ನೇರವಾದ ಬೀದಿಗಳೊಡನೆ ಏರ್ಪಟ್ಟಿತು. ೧೮೯೬ರಲ್ಲಿ ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ ಕೊಳಾಯಿಯ ನೀರು ಬಂದಿತು. ಈ ಎರಡನೆಯ ಸಂಗತಿಯು ನೆಲದ ಬೆಲೆಯ ಇತಿಹಾಸದಲ್ಲಿ ಬಹಳ ಮುಖ್ಯವಾದುದು. ಅದುವರೆಗೆ ಊರು ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮೊದಲಾದ ಕೆರೆಗಳಿಗೂ ಬಾವಿಗಳಿಗೂ ಅಂಟಿಕೊಂಡಿದ್ದಿತು. ಕೊಳವೆಯು ನೆಲದಡಿಯಲ್ಲಿ ಹರಿಯತೊಡಗಿದಂದಿನಿಂದ, ಕೆರೆಯಿಲ್ಲದ ದಿಣ್ಣೆಯ ಮೇಲೆಯೂ ಮನೆ ಕಟ್ಟುವುದು ಸಾಧ್ಯವಾಯಿತು. ಊರು ಹಬ್ಬುವುದಕ್ಕೆ ಬೇಕಾದ ಸಾಧನ ಸಿದ್ಧವಾಗಿದ್ದಿತು. ಜನರನ್ನು ಹೊರಡಿಸುವ ಕಾರಣವೊಂದು ಬೇಕಾಗಿದ್ದಿತು.

ಆ ಕಾರಣವು ೧೮೯೮ರ ಆಗಸ್ಟ್ ತಿಂಗಳಲ್ಲಿ ಪ್ಲೇಗಿನ ರೂಪದಲ್ಲಿ ಬಂದಿತು. ಮುಂಬಯಿಯಲ್ಲಿ ೧೮೯೬ರಲ್ಲಿ ಕಾಣಿಸಿಕೊಂಡ ಈ ಬೇನೆಯು ಎರಡು ವರ್ಷಗಳಲ್ಲಿ ಬೆಂಗಳೂರನ್ನು ಹಿಡಿಯಿತು. ೧೮೯೧ರ ಜನಗಣತಿಯಲ್ಲಿ ಪೇಟೆಯ ಪುರಸಭೆಯ ಜನಸಂಖ್ಯೆ ೮೦,೨೮೫. ೧೯೦೧ರಲ್ಲಿ ಅದು ೬೯,೪೪೭. ದಂಡಿನಲ್ಲಿ ೧,೦೦,೦೮೧ ಇದ್ದುದು ೮೯,೫೯೯ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಊರು ಮರಣದಿಂದಲೂ ವಲಸೆಯಿಂದಲೂ ಕುಗ್ಗಿತು. ಪೇಟೆಯಲ್ಲಿ ಈ ಇಳಿತವು ನೂರಕ್ಕೆ ಹದಿಮೂರಕ್ಕಿಂತಲೂ ಹೆಚ್ಚು, ದಂಡಿನಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಎಂಬುದನ್ನು ಗಮನಿಸಬೇಕು.

ಯಾವ ಗುಣಗಳು ಪೇಟೆಯ ನೆಲಕ್ಕೆ ಬೆಲೆ ತಂದಿದ್ದುವೋ ಅವೇ ಈಗ ಮೃತ್ಯುವಿಗೆ ದಾರಿಯಾದುವು. ಅಂಗಡಿಯ ಹಿಂದಿನ ಧಾನ್ಯದ ಉಗ್ರಾಣವು ಇಲಿಗಳಿಗೆ ಆಹಾರವನ್ನು ಕೊಟ್ಟಿತು. ಕೂಡುಗೋಡೆಯ ಮನೆಗಳ ಸಾಲು ಅವಕ್ಕೆ ರಾಜಬೀದಿಯಾಯಿತು. ಕಿಟಕಿಯಿಲ್ಲದ ಕತ್ತಲೆಯ ಕೋಣೆಗಳು ಆಶ್ರಯವಾದುವು. ಆ ಕಾಲದ ಅಧಿಕಾರಿಗಳಲ್ಲಿ ಅನೇಕರು ಕೆಟ್ಟ ಗಾಳಿ, ಕೊಳೆತ ನೆಲ ಇವುಗಳಿಂದಲೇ ಬೇನೆ ಹುಟ್ಟುವುದೆಂದು ನಂಬಿದ್ದರು. ರೋಗಾಣುವನ್ನು ೧೮೯೪ರಲ್ಲಿ ಯೆರ್ಸಿನನು ಗುರುತಿಸಿದ್ದನು. ಇಲಿಯ ಚಿಗಟವು ಅದನ್ನು ಸಾಗಿಸುವುದೆಂಬುದನ್ನು ಸಿಮಾನ್ ಎಂಬ ಫ್ರೆಂಚ್ ವೈದ್ಯನು ಅದೇ ೧೮೯೮ರಲ್ಲಿ ಕಂಡುಕೊಂಡರೂ, ಅದು ಸರ್ವಸಮ್ಮತವಾಗಲು ವರ್ಷಗಳು ಹಿಡಿದುವು. ಆದಕಾರಣ ಹೊಸ ಬಡಾವಣೆಗಳ ನಕ್ಷೆಯನ್ನು ಗಾಳಿ ಬೆಳಕುಗಳ ಸಿದ್ಧಾಂತದ ಮೇಲೆ ಬರೆದರು. ಮನೆಮನೆಗಳ ನಡುವೆ ಅಂತರ ಬಿಟ್ಟುದು ಗಾಳಿಗಾಗಿ. ಅದರಿಂದ ತಡೆಯುಂಟಾದುದು ಇಲಿಗೆ. ತಪ್ಪಾದ ಕಾರಣದಿಂದ ಸರಿಯಾದ ಆಕಾರವು ಹುಟ್ಟಿತೆಂದು ಹೇಳಬಹುದಾಗಿದೆ. ಈ ಅರಿವು ಪೂರ್ಣವಾದ ಮೇಲೆ ಕಟ್ಟಿದ ದಂಡಿನ ಫ್ರೇಸರ್ ಟೌನಿನಲ್ಲಿ ಇಲಿ ನುಸುಳದಂತಹ ಮನೆಗಳನ್ನು ಉದ್ದೇಶಪೂರ್ವಕವಾಗಿಯೇ ರಚಿಸಿದರು. ಅಲ್ಲಿನ ಪುರಸಭೆಯ ಎಂಜಿನಿಯರಾಗಿದ್ದ ಜೆ. ಎಚ್. ಸ್ಟೀಫನ್ಸನು ೧೯೧೪ರಲ್ಲಿ ಇದನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದನು.

೬. ಬಡಾವಣೆಯ ರೂಪ

ಬಡಾವಣೆ ಎಂಬ ಮಾತೇ ವಿಸ್ತರಣವನ್ನು ಸೂಚಿಸುತ್ತದೆ. ೧೮೯೮ರಲ್ಲಿ ಯೋಜಿತವಾದ ಬಸವನಗುಡಿ, ಮಲ್ಲೇಶ್ವರಗಳೆರಡೂ ಹಳೆಯ ದೇವಾಲಯಗಳ ಹೆಸರನ್ನು ತಾಳಿದುವು. ಬಸವನಗುಡಿಗೆ ಸುಂಕೇನಹಳ್ಳಿಯ ದೊಡ್ಡ ಬಸವನೂ ಕಾರ್ತಿಕಮಾಸದ ಕಡಲೆಕಾಯಿ ಪರಿಷೆಯೂ ಗುರುತು. ಮಲ್ಲೇಶ್ವರಕ್ಕೆ ಕಾಡು ಮಲ್ಲಿಕಾರ್ಜುನನ ಗುಡಿ ಗುರುತು; ಮಲ್ಲಪುರದ ಈ ದೇವರಿಗೆ ಮರಾಠ ಅರಸು ವೆಂಕೋಜಿಯು ೧೬೬೯ರಲ್ಲಿ ಮೇದರನಿಂಗನಹಳ್ಳಿಯನ್ನು ದತ್ತಿಬಿಟ್ಟುದನ್ನು ಅಲ್ಲಿನ ಶಾಸನವು ತಿಳಿಸುತ್ತದೆ. ಹಳ್ಳಿಯ ಹೊಲಗಳು ನಿವೇಶನಗಳಾದುವು. ಹಳ್ಳಿಗಳ ಹೆಸರುಗಳು ಶಾಸನಗಳಲ್ಲಿ ಮಾತ್ರ ಉಳಿಯತೊಡಗಿದುವು.

ಈ ಬಡಾವಣೆಗಳ ಆಕಾರವು ಪೇಟೆಯದೂ ಅಲ್ಲದ, ದಂಡಿನದೂ ಅಲ್ಲದ ಒಂದು ನಡುಮಾರ್ಗ. ದಂಡಿನಿಂದ ನೇರವಾದ ಅಗಲ ಬೀದಿಯನ್ನೂ ಮನೆಯ ಸುತ್ತಲಿನ ತೆರಪನ್ನೂ ತೆಗೆದುಕೊಂಡರು. ಪೇಟೆಯಿಂದ ನಡೆದು ತಲಪುವಷ್ಟು ದೂರದ ಸಂತೆಯನ್ನೂ ಗುಡಿಯನ್ನೂ ಉಳಿಸಿಕೊಂಡರು. ಮುಖ್ಯ ಬೀದಿಗಳನ್ನು ಅಡ್ಡರಸ್ತೆಗಳು ಕತ್ತರಿಸುವುವು. ಮನೆಗಳ ಹಿಂದೆ ಮಲವನ್ನು ಸಾಗಿಸುವುದಕ್ಕೆ ಕಿರುಗಲ್ಲಿ. ಬೀದಿಯ ಇಕ್ಕೆಲಗಳಲ್ಲಿ ಸಾಲುಮರ. ಮಲ್ಲೇಶ್ವರದ ಎರಡು ಮುಖ್ಯ ಬೀದಿಗಳು ಇಂದಿಗೂ ಸಂಪಿಗೆ ಮತ್ತು ಬೇವಿನ ಮರಗಳ ಹೆಸರಿನಲ್ಲಿವೆ. ವ್ಯಾಪಾರವು ಮಲ್ಲೇಶ್ವರದಲ್ಲಿ ಎಂಟನೆಯ ಅಡ್ಡರಸ್ತೆಯಲ್ಲಿಯೂ, ಬಸವನಗುಡಿಯಲ್ಲಿ ಗಾಂಧಿ ಬಜಾರಿನಲ್ಲಿಯೂ ಕೂಡಿಕೊಂಡಿತು. ಉಳಿದ ಬೀದಿಗಳು ಮನೆಗಳಿಗೆ ಮೀಸಲಾದುವು. ೧೯೦೫ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು. ಶಾಲೆಗಳೂ ಸಭೆಗಳೂ ಹಿಂಬಾಲಿಸಿದುವು. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ತನ್ನ ಮಂದಿರವನ್ನು ಚಾಮರಾಜಪೇಟೆಯಲ್ಲಿ ಕಟ್ಟಿಕೊಂಡುದೂ, ಡಿ. ವಿ. ಗುಂಡಪ್ಪನವರು ಬಸವನಗುಡಿಯಲ್ಲಿಯೂ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಗವಿಪುರದಲ್ಲಿಯೂ ನೆಲಸಿದುದೂ ಸಾಹಿತ್ಯದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಈ ರೂಪದ ಗುಣವನ್ನು ಅಳೆಯುವುದಕ್ಕೆ ದೂರದ ದೇಶವೊಂದರ ಅಧ್ಯಯನವು ನೆರವಾಗುತ್ತದೆ. ಅಮೆರಿಕಾದ ಆರೆಗನ್ ರಾಜ್ಯದಲ್ಲಿ, ಪೋರ್ಟ್‌ಲೆಂಡ್ ನಗರಕ್ಕೆ ಹೊಂದಿಕೊಂಡ ವಾಷಿಂಗ್ಟನ್ ಜಿಲ್ಲೆಯ ಮನೆಗಳ ಕ್ರಯಗಳನ್ನು ಯಾನ್ ಸಾಂಗ್ ಮತ್ತು ಗೆರಿಟ್ ಕ್ನಾಪ್ ಎಂಬ ವಿದ್ವಾಂಸರು ಪರಿಶೀಲಿಸಿ ೨೦೦೩ರಲ್ಲಿಯೂ ೨೦೦೪ರಲ್ಲಿಯೂ ಪ್ರಬಂಧಗಳನ್ನು ಪ್ರಕಟಿಸಿದರು. ಬೀದಿಗಳು ಒಂದಕ್ಕೊಂದು ಚೆನ್ನಾಗಿ ಕೂಡಿಕೊಂಡಿರುವ, ಚಿಕ್ಕ ಚಿಕ್ಕ ಚೌಕಗಳುಳ್ಳ, ಅಂಗಡಿಗೆ ನಡೆದು ಹೋಗಬಹುದಾದ ನೆರೆಹೊರೆಗೆ ಜನರು ಹೆಚ್ಚು ಬೆಲೆ ಕೊಡುವರು; ಒತ್ತಾದ ವಾಸ, ಹೆಚ್ಚಾದ ವ್ಯಾಪಾರ, ಹೆದ್ದಾರಿಯ ಸಾಮೀಪ್ಯ ಇವು ಬೆಲೆಯನ್ನು ತಗ್ಗಿಸುವುವು ಎಂಬುದು ಅವರ ನಿರ್ಣಯಗಳ ಸಾರ. ಅಂಗಡಿಯು ಸಮೀಪದಲ್ಲಿರಬೇಕು, ಮಗ್ಗುಲಲ್ಲಿರಬಾರದು. ೧೮೯೮ರ ನಕ್ಷೆಯು ಈ ಸೂತ್ರವನ್ನು ನೂರು ವರ್ಷ ಮುಂಚೆಯೇ ಅನುಸರಿಸಿದ್ದಿತು. ಎಂಟನೆಯ ಅಡ್ಡರಸ್ತೆಗೆ ಎರಡು ಮೂರು ಬೀದಿ ಆಚೆಯ ಮನೆಗೆ ಸಂತೆಯ ಅನುಕೂಲವೂ ಉಂಟು, ಮೌನವೂ ಉಂಟು. ಮನೆಗಾಗಿ ಕೊಳ್ಳುವವನು ಆ ನಿವೇಶನವನ್ನೂ, ಅಂಗಡಿಗಾಗಿ ಕೊಳ್ಳುವವನು ಸಂತೆಬೀದಿಯನ್ನೂ ಬಯಸುವನು. ಹೀಗೆ ಒಂದೇ ಬಡಾವಣೆಯಲ್ಲಿ ಬೆಲೆಯ ಎರಡು ಶಿಖರಗಳು ಏರ್ಪಡುತ್ತವೆ.

೭. ಬೆಲೆಯ ಇನ್ನೊಂದು ಮುಖ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಬಡಾವಣೆಗಳ ಪ್ರಶಸ್ತಿಯಾಗುವುದೇ ಹೊರತು ಇತಿಹಾಸವಾಗದು. ಮೊದಲ ಹಂಚಿಕೆಯಲ್ಲಿಯೇ ಬೇರೆ ಬೇರೆ ಕೋಮಿನವರಿಗೆ ಬೇರೆ ಬೇರೆ ಭಾಗಗಳನ್ನು ಗೊತ್ತುಮಾಡಿದ್ದರು. ಅರ್ಥಶಾಸ್ತ್ರದ ದುರ್ಗನಿವೇಶವು ಕೊಳಾಯಿಯ ನೀರು, ವಿದ್ಯುದ್ದೀಪಗಳೊಡನೆ ಮರುಹುಟ್ಟು ಪಡೆಯಿತೆನ್ನಬಹುದು. ಹೊಸ ನಿವೇಶನವನ್ನು ಕೊಂಡು, ಅಂತರಬಿಟ್ಟು ಮನೆ ಕಟ್ಟುವ ಶಕ್ತಿಯಿದ್ದವರು ಅಧಿಕಾರಿಗಳು, ವಕೀಲರು, ವರ್ತಕರು. ಗಾಣಿಗನೂ ನೇಕಾರನೂ ಕೂಲಿಯವನೂ ಪೇಟೆಯಲ್ಲಿಯೇ ಉಳಿದರು. ಅವರ ಕಸಬು ಮನೆಯಿಂದ ಬೇರೆಯಾಗಿರಲಿಲ್ಲವಾದುದರಿಂದ ಬಿಟ್ಟುಹೋಗುವುದೂ ಸುಲಭವಾಗಿರಲಿಲ್ಲ. ಬೇನೆಗೆ ಹೆಚ್ಚಾಗಿ ತುತ್ತಾಗುವ ನೆರೆಹೊರೆಯಲ್ಲಿ ಅದನ್ನು ತಪ್ಪಿಸಿಕೊಳ್ಳಲಾರದವರೇ ನಿಂತರು. ಒಳ್ಳೆಯ ನೆರೆಹೊರೆಯ ಬೆಲೆಯೆಂದರೆ ಒಂದು ಅರ್ಥದಲ್ಲಿ ಬದುಕುಳಿಯುವ ಅವಕಾಶದ ಬೆಲೆಯೇ ಆಗಿದ್ದಿತು.

ಕಾರ್ಖಾನೆಗಳೂ ಇದೇ ನ್ಯಾಯವನ್ನು ಅನುಸರಿಸಿದುವು. ಹತ್ತೊಂಬತ್ತನೆಯ ಶತಮಾನದ ಎಂಟನೆಯ ದಶಕದ ಅನಂತರ ರೈಲು ಹಾದಿಯ ಮಗ್ಗುಲಲ್ಲಿ ಹತ್ತಿಯ ಗಿರಣಿಗಳು ಎದ್ದುವು. ಅರಳೆಪೇಟೆಯ ಪಶ್ಚಿಮಕ್ಕೆ ಬಿನ್ನಿಯವರ ಗಿರಣಿ, ಮಲ್ಲೇಶ್ವರದ ದಕ್ಷಿಣದ ಅಂಚಿಗೆ ರಾಜಾ ಮಿಲ್ಲು. ಗಿರಣಿಯ ಹೊಗೆಯು ಅಂತಸ್ತಿನ ಮನೆಯನ್ನು ದೂರ ತಳ್ಳಿತು. ಅದರ ಸಿಳ್ಳು ಕಾರ್ಮಿಕನ ಮನೆಯನ್ನು ಹತ್ತಿರಕ್ಕೆ ಎಳೆಯಿತು. ಒಂದೇ ನೆಲೆಯು ಒಬ್ಬನಿಗೆ ದೋಷವಾಗಿಯೂ ಇನ್ನೊಬ್ಬನಿಗೆ ಅನ್ನವಾಗಿಯೂ ಕಂಡುದರಿಂದ, ಅಲ್ಲಿನ ಬೆಲೆಯು ಇಬ್ಬರಲ್ಲಿ ಯಾರ ಕೈಯಲ್ಲಿ ಹೆಚ್ಚು ಹಣವಿದ್ದಿತೋ ಅವರ ಅಭಿಪ್ರಾಯವನ್ನು ನುಡಿಯಿತು. ಬೆಲೆಯು ಎಲ್ಲರ ಇಷ್ಟಾನಿಷ್ಟಗಳನ್ನೂ ಸಮನಾಗಿ ತೂಗುವ ತಕ್ಕಡಿಯಲ್ಲವೆಂಬುದನ್ನು ಇದರಿಂದ ತಿಳಿಯಬೇಕು.

ಬೆಲೆಯ ಏರಿಕೆಯನ್ನು ಉಂಟುಮಾಡಿದವರು ಯಾರು? ಹೆಸರಘಟ್ಟದ ನೀರನ್ನೂ ಶಿವನಸಮುದ್ರದ ವಿದ್ಯುತ್ತನ್ನೂ ತಂದುದು ಸಂಸ್ಥಾನದ ಹಣ. ಆ ಹಣವನ್ನು ಕಂದಾಯವಾಗಿ ತೆತ್ತವರಲ್ಲಿ ಬೆಂಗಳೂರನ್ನು ಎಂದೂ ಕಾಣದ ಹಳ್ಳಿಗರೇ ಹೆಚ್ಚು. ಮುಂದೆ ಊರು ಬೆಳೆದಂತೆಲ್ಲ ಸುತ್ತಲಿನ ಹೊಲಗಳನ್ನು ೧೮೯೪ರ ಭೂಸ್ವಾಧೀನ ಶಾಸನದ ಮೇರೆಗೆ ತೆಗೆದುಕೊಂಡರು. ಆ ಶಾಸನವು ೨೦೧೩ರ ಕಾನೂನು ಬರುವವರೆಗೂ ನಡೆಯಿತು. ಹೊಲದ ಬೆಲೆಗೆ ಬಿಟ್ಟುಕೊಟ್ಟ ರೈತನಿಗೂ, ಅದೇ ನೆಲವನ್ನು ನಿವೇಶನವಾಗಿ ಪಡೆದವನಿಗೂ ನಡುವೆ ಬೆಳೆದ ಅಂತರವು ಕಾಲಕ್ರಮದಲ್ಲಿ ಅಗಾಧವಾಯಿತು. ೧೯೭೬ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಶಾಸನದಲ್ಲಿ ವೃದ್ಧಿಯ ಮೇಲಣ ತೆರಿಗೆಗೆ ಅವಕಾಶವುಂಟು. ಏರಿದ ಬೆಲೆಯಲ್ಲಿ ಕೋಶಕ್ಕೆ ಪಾಲು ಸಲ್ಲಬೇಕೆಂಬ ಕೌಟಿಲ್ಯನ ವಿಧಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

೮. ರೂಪವನ್ನು ನುಂಗಿದ ಬೆಲೆ

೧೯೪೫ರಲ್ಲಿ ನಗರಾಭಿವೃದ್ಧಿಯ ಮಂಡಲಿಯು ಸ್ಥಾಪಿತವಾಯಿತು; ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರವಾಯಿತು; ೧೯೪೯ರಲ್ಲಿ ಪೇಟೆ ಮತ್ತು ದಂಡುಗಳ ಪುರಸಭೆಗಳು ಒಂದಾಗಿ ಕಾರ್ಪೊರೇಷನ್ ಏರ್ಪಟ್ಟಿತು. ೧೯೪೧ರಲ್ಲಿ ಸುಮಾರು ನಾಲ್ಕು ಲಕ್ಷವಿದ್ದ ಜನಸಂಖ್ಯೆಯು ೧೯೫೧ರ ವೇಳೆಗೆ ಏಳೂಮುಕ್ಕಾಲು ಲಕ್ಷವನ್ನು ಮುಟ್ಟಿತು. ೨೦೧೧ರ ಗಣತಿಯಲ್ಲಿ ಅದು ಎಂಬತ್ತನಾಲ್ಕು ಲಕ್ಷ. ಒಂದು ಕಾಲದಲ್ಲಿ ಊರಿನ ಅಂಚಾಗಿದ್ದ ಬಸವನಗುಡಿ, ಮಲ್ಲೇಶ್ವರಗಳು ಊರಿನ ನಡುವಾದುವು. ಟ್ಯೂನೆನನ ನಿಯಮದಂತೆ, ನಿವೇಶನವು ಅಲುಗದೆಯೇ ಕೇಂದ್ರಕ್ಕೆ ಸಮೀಪವಾಯಿತು.

ಕೆರೆಗಳ ಗತಿಯು ಈ ಬದಲಾವಣೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಊರಿಗೆ ನೀರು ಕೊಟ್ಟ ಧರ್ಮಾಂಬುಧಿಯ ಪಾತ್ರದಲ್ಲಿ ಇಂದು ಬಸ್ಸಿನ ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣವಿದೆ. ಸಿದ್ಧಿಕಟ್ಟೆಯಿದ್ದ ಎಡೆಯಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯಿದೆ. ಕೊಳಾಯಿಯು ಬಂದ ಮೇಲೆ ಕೆರೆಯ ನೀರಿಗೆ ಬೆಲೆಯಿಲ್ಲವಾಯಿತು, ಕೆರೆಯ ನೆಲಕ್ಕೆ ಬೆಲೆ ಬಂದಿತು. ಗಿರಣಿಯೂ ಇದೇ ದಾರಿಯನ್ನು ಹಿಡಿಯಿತು. ರಾಜಾ ಮಿಲ್ಲಿನ ಸ್ಥಳದಲ್ಲಿ ಬೃಹತ್ತಾದ ವ್ಯಾಪಾರ ಮಳಿಗೆ ಎದ್ದಿತು. ಅದರ ಪಕ್ಕಕ್ಕೆ ೨೦೧೪ರಲ್ಲಿ ಮೆಟ್ರೋ ರೈಲು ಬಂದಿತು.

ಇದರ ಪರಿಣಾಮವು ಹಳೆಯ ಮನೆಗಳ ಮೇಲೆ ಆಯಿತು. ತಗ್ಗಾದ ಹೆಂಚಿನ ಮನೆ, ಮುಂದೆ ತೋಟ, ಹಿಂದೆ ಬಾವಿ. ಇಂತಹ ಮನೆಗಳ ಸಾಲೇ ಆ ಬೀದಿಗೆ ಹೆಸರನ್ನೂ ಬೆಲೆಯನ್ನೂ ತಂದಿದ್ದುದು. ಆ ಬೆಲೆಯು ಏರುತ್ತ ಏರುತ್ತ, ನಿಂತಿರುವ ಮನೆಗಿಂತ ಅದರ ಕೆಳಗಿನ ನೆಲಕ್ಕೇ ಹೆಚ್ಚಿನ ಮೌಲ್ಯವಾಯಿತು. ಒಡೆಯನು ಮನೆಯನ್ನು ಕೆಡವಿ ಅಂತಸ್ತುಗಳನ್ನು ಕಟ್ಟಿದನು, ಅಥವಾ ಅಣ್ಣತಮ್ಮಂದಿರ ಪಾಲಿನಲ್ಲಿ ಮಾರಿದನು. ಒಬ್ಬೊಬ್ಬನ ಲೆಕ್ಕದಲ್ಲಿಯೂ ಇದು ವಿವೇಕವೇ. ಪಕ್ಕದವರ ತೋಟವು ಉಳಿದಿರುವವರೆಗೆ ತನ್ನ ತೋಟವನ್ನು ಕಳೆದವನಿಗೆ ನಷ್ಟವಿಲ್ಲ. ಎಲ್ಲರೂ ಹಾಗೆಯೇ ಎಣಿಸಿದಾಗ ಬೀದಿಯಲ್ಲಿ ತೋಟವೇ ಇಲ್ಲ. ರೂಪವು ಬೆಲೆಯನ್ನು ಹೆತ್ತಿತು. ಬೆಲೆಯು ರೂಪವನ್ನು ನುಂಗಿತು. ಪೇಟೆಯ ಮನೆಗಳು ಕೂಡುಗೋಡೆಯಾಗಿ ಒತ್ತಿದುದೂ ಇದೇ ಎಣಿಕೆಯಿಂದ. ಮಹಾಮಾರಿಯ ಭಯದಿಂದ ಬಿಟ್ಟ ತೆರಪು, ಭಯವು ಮರೆತುಹೋದ ಮೇಲೆ ವ್ಯರ್ಥವಾದ ನೆಲವಾಗಿ ಕಂಡಿತು.

೯. ಉಪಸಂಹಾರ

ಈ ವಿವೇಚನೆಯಿಂದ ಮೂರು ಸಂಗತಿಗಳು ತೋರಿಬರುತ್ತವೆ. ಮನೆಯ ಬೆಲೆಯಲ್ಲಿ ಹೆಚ್ಚಿನ ಭಾಗವು ನೆರೆಹೊರೆಯಿಂದ ಬಂದುದು. ಬೀದಿ, ಸಂತೆ, ನೀರು, ಮರ, ನಿಯಮ ಇವು ಕೂಡಿ ಅದನ್ನು ಮಾಡುತ್ತವೆ. ಎರಡನೆಯದಾಗಿ, ಒಂದು ಕಾಲದಲ್ಲಿ ಗುಣವೆನಿಸಿದ ಆಕಾರವು ಇನ್ನೊಂದು ಕಾಲದಲ್ಲಿ ದೋಷವಾಗಬಹುದು; ಪೇಟೆಯ ಸಾಂದ್ರತೆಯು ವ್ಯಾಪಾರಕ್ಕೆ ವರವಾಗಿ ಆರೋಗ್ಯಕ್ಕೆ ಶಾಪವಾದಂತೆ. ಮೂರನೆಯದಾಗಿ, ನೆರೆಹೊರೆಯನ್ನು ಕಟ್ಟುವವರು ಅನೇಕರು, ಅದರ ಬೆಲೆಯನ್ನು ಪಡೆಯುವವರು ಕೆಲವರು. ಈ ವ್ಯತ್ಯಾಸವನ್ನು ಸರಿಪಡಿಸುವ ಉಪಾಯಗಳು ಕೌಟಿಲ್ಯನ ಕಾಲದಿಂದಲೂ ಗ್ರಂಥಗಳಲ್ಲಿವೆ.

ಮಾರಾಟವನ್ನು ನೆರೆಯ ನಾಲ್ವತ್ತು ಮನೆತನದವರ ಮುಂದೆ ಕೂಗಬೇಕೆಂಬ ಪ್ರಾಚೀನ ವಿಧಿಯಲ್ಲಿ ಆಳವಾದ ಒಂದು ಅರಿವಿದೆ. ಮನೆಯು ಒಬ್ಬನದಾದರೂ ಅದರ ಬೆಲೆಗೆ ಆ ನಾಲ್ವತ್ತು ಮನೆತನದವರೂ ಕರ್ತೃಗಳು. ಅದನ್ನು ಕೆಡವಿದರೆ ಅವರೂ ಒಂದಿಷ್ಟು ಕಳೆದುಕೊಳ್ಳುವರು. ಬೆಂಗಳೂರಿನ ಬೀದಿಗಳ ಹೆಸರುಗಳನ್ನು ಕಾವ್ಯದ ಶಬ್ದಗಳಂತೆಯೇ ಅರ್ಥವಿಟ್ಟು ಓದಿದರೆ, ಅಕ್ಕಿಪೇಟೆಯಿಂದ ಸಂಪಿಗೆಯ ಬೀದಿಯವರೆಗೆ ಬರೆದಿರುವುದು ಈ ನೆರೆಯವರ ಚರಿತ್ರೆಯೇ ಎಂಬುದು ವಿದಿತವಾಗುತ್ತದೆ.